ಏಳನೆಯ ನಿಮಿಷದಲ್ಲಿ ಕೈತಪ್ಪಿದ ವಿಮಾನ

1998ರಲ್ಲಿ ನಾನು ಶಿವಮೊಗ್ಗದ ಒಂದು ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ವಿದ್ಯಾರ್ಥಿಗಳು ಸುಟ್ಟು ತಂದ ಮೀಟರುಗಳನ್ನು ಸರಿಪಡಿಸುವುದು, ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುವುದು, ಸಂಜೆ ಗೋಪಾಳ ಬಡಾವಣೆಯ ಮನೆಗೆ ಬಂದು ಒಲೆಯ ಮುಂದೆ ನಿಲ್ಲುವುದು. ಹೊಸದಾಗಿ ಏನನ್ನಾದರೂ ಕಲಿಯುವ ಆಸೆ ನನಗೇ ತಿಳಿಯದಂತೆ ಹೊರಟುಹೋಗಿತ್ತು.

ಆ ವರ್ಷದ ಕೊನೆಯಲ್ಲಿ ಜಲೀಲ್ ಸಾಬರು ಒಂದು ಬಟ್ಟೆಚೀಲ ಹಿಡಿದುಕೊಂಡು ಲ್ಯಾಬಿಗೆ ಬಂದರು. ಭದ್ರಾವತಿಯ ಜನ್ನಾಪುರದವರು, ಐವತ್ತು ದಾಟಿದವರು. ಫೌಂಡ್ರಿಯೊಂದರಲ್ಲಿ ಪ್ಯಾಟರ್ನ್ ಮೇಕರ್. ಅಂದರೆ ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡಿಕೊಡುವವರು. ಬಿಡುವಿನಲ್ಲಿ ಅವರು ಸಣ್ಣ ವಿಮಾನಗಳನ್ನು ಮಾಡಿ ರೇಡಿಯೋ ಕಂಟ್ರೋಲ್‌ನಿಂದ ಹಾರಿಸುತ್ತಿದ್ದರು. ಮೂರು ವಿಮಾನ ಕಳೆದುಕೊಂಡಿದ್ದರು. ಒಂದು ಭದ್ರಾ ಹೊಳೆಗೆ ಬಿತ್ತು, ಇನ್ನೊಂದು ನೀಲಗಿರಿ ಮರಕ್ಕೆ ಸಿಕ್ಕಿ ಚೂರಾಯಿತು. ಮೂರನೆಯದು ಗುಡ್ಡದ ಕಡೆ ಹೋದದ್ದು ಮತ್ತೆ ಕಾಣಲೇ ಇಲ್ಲ.

"ದೂರ ಹೋದ ಕೂಡ್ಲೆ ಮಾತು ಕೇಳಲ್ಲ ಮೇಡಂ. ಮರದ ಕೆಲಸ ನನಗೆ ಗೊತ್ತು, ಈ ಡಬ್ಬಿ ಒಳಗಿಂದು ಗೊತ್ತಿಲ್ಲ" ಎಂದು ಅವರು ಬೆಂಕಿಪೊಟ್ಟಣದಷ್ಟು ದೊಡ್ಡ ರಿಸೀವರನ್ನು ಮೇಜಿನ ಮೇಲಿಟ್ಟರು.

ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್ ಕಳಿಸಿದ ಸಂಕೇತವನ್ನು ವಿಮಾನದೊಳಗಿನ ರಿಸೀವರ್ ಹಿಡಿಯುತ್ತದೆ. ಅದು ಹೇಳಿದಂತೆ ಸರ್ವೋ ಎಂಬ ಪುಟ್ಟ ಮೋಟಾರುಗಳು ಬಾಲದ ಹಲಗೆಗಳನ್ನು ತಿರುಗಿಸುತ್ತವೆ. ಜಲೀಲರ ಸೆಟ್ ಯಾರೋ ನೆಂಟರು ದುಬೈನಿಂದ ತಂದುಕೊಟ್ಟ ಹಳೆಯದು. ಅದರ ಎರಡು ರಿಸೀವರುಗಳಲ್ಲಿ ಒಂದು ಮೂರನೆಯ ವಿಮಾನದ ಜೊತೆ ಹೋಗಿತ್ತು, ಉಳಿದದ್ದು ಇದು. ಎರಡೇ ಚಾನೆಲ್: ಎಡಬಲಕ್ಕೊಂದು, ಮೇಲೆ ಕೆಳಗೆ ಒಂದು. ಎಂಜಿನ್ ಮೇಲೆ ಹಿಡಿತವಿಲ್ಲ. ಎಣ್ಣೆ ಮುಗಿಯುವವರೆಗೆ ಅದು ಓಡುತ್ತಲೇ ಇರುತ್ತದೆ.

ಎರಡು ವಾರ ಊಟದ ಬಿಡುವಿನಲ್ಲಿ ಆ ರಿಸೀವರ್ ಬಿಚ್ಚಿ ಕೂತೆ. ಆಂಟೆನಾ ತಂತಿ ಬೋರ್ಡಿಗೆ ಕೂಡುವಲ್ಲಿ ಬಿಟ್ಟುಕೊಂಡಿತ್ತು. ಬೆಸುಗೆ ಹಾಕಿದೆ. ಆಮೇಲೆ ಜಲೀಲರು ಅದನ್ನು ಕೈಯಲ್ಲಿ ಹಿಡಿದು, ಕಾಲೇಜಿನ ಮೈದಾನ ದಾಟಿ ಸವಳಂಗ ರಸ್ತೆಯ ಕಡೆ ಹೆಜ್ಜೆ ಎಣಿಸುತ್ತಾ ಹೋದರು. ಮುನ್ನೂರು ಹೆಜ್ಜೆ ದೂರದಲ್ಲೂ ನಾನು ಟ್ರಾನ್ಸ್‌ಮಿಟರ್ ಆಡಿಸಿದಂತೆ ಸರ್ವೋ ಸರಿಯಾಗಿ ತಿರುಗುತ್ತಿತ್ತು.

ವಾಪಸು ಬಂದವರು ಕೇಳಿದರು: "ಎಂಜಿನ್ ಓಡಿಸಿ ಒಂದ್ಸಲ ನೋಡೋಣ್ವಾ ಮೇಡಂ? ನಾಳೆ ವಿಮಾನ ತರ್ತೀನಿ."

ಅಂದು ಬೆಳಗಿನಿಂದ ಪರೀಕ್ಷೆಯ ಕೊಠಡಿಯಲ್ಲಿ ನಿಂತು ನನ್ನ ಕಾಲುಗಳು ಸೋತಿದ್ದವು. ಎಂಜಿನ್ನಿನ ಸದ್ದಿಗೆ ಪ್ರಿನ್ಸಿಪಾಲರು ಏನನ್ನುತ್ತಾರೋ ಎಂಬ ಅಳುಕು ಬೇರೆ.

"ಬೇಡ ಸಾಬ್ರೇ, ಇಷ್ಟು ಸಾಕು. ಹಾರಿಸಿ" ಎಂದೆ.

ಮುಂದಿನ ಭಾನುವಾರ ಅವರು ಕರೆದರೆಂದು ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ಊರಾಚೆ ಕೊಯ್ಲಾದ ಗದ್ದೆಗಳ ನಡುವೆ ಗಟ್ಟಿ ನೆಲದ ಒಂದು ಬಯಲು. ವಿಮಾನದ ರೆಕ್ಕೆ ನಾಲ್ಕೂವರೆ ಅಡಿ. ಬಿದಿರು ಸೀಳಿನ ಮೇಲೆ ಥರ್ಮೋಕೋಲ್, ಅದರ ಮೇಲೆ ನಯವಾದ ಕಾಗದ. ಒಂದು ವರ್ಷದ ಕೆಲಸ. ಅದು ಓಡಿ ನೆಲ ಬಿಟ್ಟಿತು. ಆರು ನಿಮಿಷ ಅದು ನಮ್ಮ ತಲೆಯ ಮೇಲೆ ಸುತ್ತಿತು. ಬಹಳ ವರ್ಷಗಳ ಮೇಲೆ ನನ್ನ ಕೆಲಸದ ಬಗ್ಗೆ ನನಗೇ ಸಂತೋಷವಾಯಿತು.

ಏಳನೆಯ ನಿಮಿಷದಲ್ಲಿ ಅವರು ಎಡಕ್ಕೆ ತಿರುಗಿಸಿದರೆ ಅದು ತಿರುಗಲಿಲ್ಲ. "ಕೇಳ್ತಿಲ್ಲ" ಎಂದರು ಮೆಲ್ಲಗೆ. ವಿಮಾನ ಮೂಗು ತಗ್ಗಿಸಿ, ಎಂಜಿನ್ ಓಡುತ್ತಿದ್ದಂತೆಯೇ, ಗದ್ದೆಯ ಬದುವಿನತ್ತ ಇಳಿಯಿತು. ಅಲ್ಲಿ ಲಕ್ಷ್ಮಮ್ಮ ಎಂಬ ಹೆಂಗಸು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ನಾವು ಕೂಗಿದ್ದು ಕೇಳಿ ತಲೆಯೆತ್ತಿದಳು, ಮುಖಕ್ಕೆ ಕೈ ಅಡ್ಡ ಹಿಡಿದಳು. ಪ್ರೊಪೆಲ್ಲರ್ ಅವಳ ಬಲ ಮುಂಗೈಯನ್ನು ಸೀಳಿತು.

ಅವಳ ಗಂಡ ಓಡಿಬಂದು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದ. ಜಲೀಲರು ತಮ್ಮ ಅಂಗಿ ಬಿಚ್ಚಿ ಗಾಯಕ್ಕೆ ಸುತ್ತುತ್ತಾ ಹೇಳಿದರು: "ಸ್ಟೇಷನ್‌ಗೆ ನಾನೇ ಬರ್ತೀನಿ. ಮೊದ್ಲು ಕೈ ಹೊಲಿಸೋಣ. ಹಾರಿಸಿದ್ದು ನಾನು, ತಪ್ಪು ನಂದೇ."

ನಾನು ಪಕ್ಕದಲ್ಲೇ ನಿಂತಿದ್ದೆ.

ಹನ್ನೊಂದು ಹೊಲಿಗೆ ಬಿದ್ದವು. ದೂರು ಕೊಡುವ ಮಾತು ಅಲ್ಲಿಗೇ ನಿಂತಿತು. ಮುರಿದ ವಿಮಾನದಿಂದ ರಿಸೀವರ್ ಬಿಡಿಸಿಕೊಂಡು ನಾನು ಶಿವಮೊಗ್ಗಕ್ಕೆ ಬಂದೆ. ಮಾರನೆಯ ದಿನ ಲ್ಯಾಬಿನಲ್ಲಿ ಆಂಟೆನಾ ತಂತಿಯನ್ನು ಬೆರಳಿನಿಂದ ಮುಟ್ಟಿದೆ. ನಾನು ಹಾಕಿದ ಬೆಸುಗೆಯೊಳಗೆ ಅದು ಸಡಿಲವಾಗಿ ತಿರುಗಿತು. ಡ್ರೈ ಸೋಲ್ಡರ್. ಸೀಸ ಮೇಲೆ ಕೂತಿರುತ್ತದೆ, ತಂತಿಯನ್ನು ಹಿಡಿದಿರುವುದಿಲ್ಲ. ಅಲುಗದೆ ಇದ್ದರೆ ಕೆಲಸ ಮಾಡುತ್ತದೆ, ಅದುರಿದರೆ ಬಿಡುತ್ತದೆ. ಎಂಜಿನ್ ಓಡಿಸಿ ನೋಡಿದ್ದರೆ ಮೈದಾನದಲ್ಲೇ ಗೊತ್ತಾಗುತ್ತಿತ್ತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು.

ನಾಲ್ಕು ದಿನ ಅದನ್ನು ಲ್ಯಾಬಿನ ಮೇಜಿನಲ್ಲೇ ಇಟ್ಟುಕೊಂಡಿದ್ದೆ. ಐದನೆಯ ದಿನ ರಜೆ ಹಾಕಿ ಜನ್ನಾಪುರಕ್ಕೆ ಹೋದೆ. ಜಲೀಲರು ಆಗಷ್ಟೇ ಲಕ್ಷ್ಮಮ್ಮನನ್ನು ಡ್ರೆಸ್ಸಿಂಗ್‌ಗೆ ಕರೆದುಕೊಂಡು ಹೋಗಿ ಬಂದಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದರು. ರಿಸೀವರನ್ನು ಕೈಗೆ ತೆಗೆದುಕೊಂಡು ತಂತಿಯನ್ನು ಒಮ್ಮೆ ಅಲುಗಿಸಿ ನೋಡಿದರು.

"ನನಗೆ ಹೇಳಿ ಏನು ಪ್ರಯೋಜನ ಮೇಡಂ. ಆಯಮ್ಮನಿಗೆ ಹೇಳಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಲಕ್ಷ್ಮಮ್ಮ ಜಗಲಿಯ ಮೇಲೆ ಕೂತಿದ್ದಳು. ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದಳು. ಬೆಸುಗೆಯ ವಿಷಯವನ್ನು ಆದಷ್ಟು ಬಿಡಿಸಿ ಹೇಳಿದೆ.

"ಸಾಬ್ರು ದಿನಾ ಬಂದು ತಪ್ಪು ನಂದು ಅಂತಾರೆ. ಈಗ ನೀವು ನಂದು ಅಂತೀರಿ" ಎಂದಳು. "ಯಾರದಾದ್ರೂ ಆಗ್ಲಿ ಅಕ್ಕಾ. ಬೆರಳು ಮಡಚಕ್ಕೆ ಆಗ್ತಿಲ್ಲ, ಅದಕ್ಕೇನಾದ್ರೂ ಇದ್ರೆ ಹೇಳಿ."

ಅವಳ ಪಕ್ಕದಲ್ಲಿ ಕೂತು ಮೊರದಲ್ಲಿದ್ದ ಅವರೆಕಾಯಿಯನ್ನೆಲ್ಲ ಸುಲಿದುಕೊಟ್ಟು ಎದ್ದೆ. ಅವಳು ಮತ್ತೆ ಕುಡುಗೋಲು ಹಿಡಿಯಲು ಐದು ತಿಂಗಳು ಬೇಕಾಯಿತು. ಕಿರುಬೆರಳು ಕೊನೆಗೂ ಪೂರ್ತಿ ಮಡಚಲು ಬರಲಿಲ್ಲ.

ಆಮೇಲೆ ಹದಿನಾರು ವರ್ಷ ಅದೇ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಒಂದು ವಸ್ತು ಎಲ್ಲಿ, ಹೇಗೆ ಬಳಕೆಯಾಗುತ್ತದೋ ಹಾಗೆಯೇ ಇಟ್ಟು ಪರೀಕ್ಷಿಸದೆ ಸರಿಯಾಗಿದೆ ಎಂದು ಬರೆದುಕೊಡಲಿಲ್ಲ. ವಿದ್ಯಾರ್ಥಿಗಳು ನನ್ನನ್ನು ಕಿರಿಕಿರಿಯ ಮೇಡಂ ಎನ್ನುತ್ತಿದ್ದರು. ದಣಿದ ದಿನ ಯಾರಾದರೂ "ಇನ್ನೊಂದ್ಸಲ ನೋಡೋಣ್ವಾ" ಎಂದರೆ ನೋಡಲೇಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ.

ಜಲೀಲರು ಮತ್ತೆ ವಿಮಾನ ಮಾಡಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. "ಮರ ಹಿಡಿದ್ರೆ ಈಗ್ಲೂ ಕೈ ಓಡುತ್ತೆ ಮೇಡಂ. ಮೇಲೆ ಬಿಡಕ್ಕೆ ಮನಸ್ಸು ಬರಲ್ಲ" ಎಂದು ಹೇಳಿ ಭದ್ರಾವತಿ ಬಸ್ಸು ಹತ್ತಿದರು.