ಜಾಹೀರಾತಿನ ಕೊನೆಯ ಸಾಲಿನವರೆಗೆ

ಕೊಚ್ಚಿಯ ಪತ್ರಿಕೆಯೊಂದರ ಇಂಗ್ಲಿಷ್ ಡೆಸ್ಕಿನಲ್ಲಿ ಬಹಳ ವರ್ಷಗಳಿಂದ ಬೇರೆಯವರ ವರದಿ ತಿದ್ದುತ್ತಿದ್ದೇನೆ. ಯಾರು ಹೇಳಿದರು, ದಾಖಲೆ ಎಲ್ಲಿದೆ ಎಂದು ಕೇಳದೆ ಒಂದು ಸಾಲನ್ನೂ ಬಿಟ್ಟವಳಲ್ಲ. ಆದರೆ ಅಮ್ಮ ಫೋನಿನಲ್ಲಿ, "ಹಿರಿಯರಿಗೆ ಹೊಸ ಇನ್ಶೂರೆನ್ಸ್ ಬಂದಿದೆ. ರಕ್ತಪರೀಕ್ಷೆ ಗಿರೀಕ್ಷೆ ಏನೂ ಬೇಡವಂತೆ ಮಾರಾಯ್ತಿ. ಹಳೆಯದನ್ನು ಬಿಟ್ಟುಬಿಡ್ತೇನೆ" ಎಂದಾಗ, ಪುಟ ಮುಗಿಸುವ ಗಡಿಬಿಡಿಯಲ್ಲಿ "ಸರಿ" ಎಂದಿದ್ದೆ.

ಅಮ್ಮ ಮಂಗಳೂರಿನವಳು. ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ತಿರುವನಂತಪುರಕ್ಕೆ ಬಂದು, ಅಪ್ಪ ಹೋದ ಮೇಲೆ ನನ್ನ ತಂಗಿಯ ಜೊತೆ ಅಲ್ಲಿನ ಶ್ರೀಕಾರ್ಯಂನಲ್ಲೇ ಉಳಿದಿದ್ದಾಳೆ. ಮಲಯಾಳ ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ದೊಡ್ಡಕ್ಷರ ಸರಾಗ, ಸಣ್ಣಕ್ಷರ ಬಂದರೆ ಕನ್ನಡಕ ತೆಗೆದಿಡುತ್ತಾಳೆ. ಆ ಹೊಸ ಇನ್ಶೂರೆನ್ಸಿನ ಜಾಹೀರಾತಿನಲ್ಲಿ ದೊಡ್ಡದಾಗಿದ್ದುದು ಮೊದಲ ದಿನದಿಂದಲೇ ರಕ್ಷಣೆ ಎಂಬ ಮಾತು, ಪಕ್ಕದಲ್ಲಿ ನಗುವ ಅಜ್ಜ ಅಜ್ಜಿ.

ಮಂಡಿಯ ಶಸ್ತ್ರಚಿಕಿತ್ಸೆಗೆ ವೈದ್ಯರು ಮುಂದಿನ ತಿಂಗಳು ದಿನ ಕೊಟ್ಟಿದ್ದರು. ಅಪ್ಪನ ಬ್ಯಾಂಕಿನ ಮೂಲಕ ಬಂದಿದ್ದ ಹಳೆಯ ಪಾಲಿಸಿಯನ್ನು ನವೀಕರಿಸಲು ಒಂದು ಶನಿವಾರ ಕೊನೆಯ ದಿನ. ಆ ಶನಿವಾರ ನಾನು ಅಮ್ಮನ ಮನೆಯಲ್ಲೇ ಇದ್ದೆ. ದಿನಾಂಕ ಗೊತ್ತಿದ್ದದ್ದು ಅಮ್ಮನಿಗೆ, ನನಗಲ್ಲ.

ವಿಳಿಂಜಂ ಕಡಲತೀರದಿಂದ ಮೀನು ತರುವ, ನಾವು ಚೇಚಿ ಅಂದರೆ ಅಕ್ಕ ಎಂದು ಕರೆಯುವ ಹೆಂಗಸು ಬಂದರು. ಅಮ್ಮ ಬೂತಾಯಿ ಮೀನು ಆರಿಸುತ್ತ, ತನ್ನ ಮಲಯಾಳದಲ್ಲಿ ಅವರಿಗೂ ಆ ಪಾಲಿಸಿಯ ಗುಣಗಾನ ಮಾಡಿದಳು. "ನಿನ್ನ ಗಂಡನಿಗೂ ಮಾಡಿಸು. ಹೃದಯದ ತೊಂದರೆ ಇದ್ದರೂ ಆಗುತ್ತದೆ."

"ಎಲ್ಲಿ, ಕೊಡಿ ಅಮ್ಮಾ." ಚೇಚಿ ಕೈ ಒರೆಸಿಕೊಂಡು ಜಾಹೀರಾತಿನ ಕಾಗದ ಹಿಡಿದರು. ಗೇಟಿನ ಬಳಿ ನಿಂತೇ ಓದತೊಡಗಿದರು.

"ಇಷ್ಟು ಹೊತ್ತು ಏನು ಓದುತ್ತೀ? ಪರೀಕ್ಷೆಗೆ ಕೂರುತ್ತೀಯಾ?" ಎಂದು ಅಮ್ಮ ಕೆಣಕಿದಳು.

"ಕೂರಬೇಕಾದವರು ನೀವು" ಎಂದರು ಚೇಚಿ. "ಮೊದಲ ದಿನದಿಂದ ಅಂದರೆ ಅಪಘಾತಕ್ಕೆ ಮಾತ್ರ. ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಮಂಡಿ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ನನ್ನ ಗಂಡನ ಹೃದಯ ಅಷ್ಟು ವರ್ಷ ಕಾಯುವುದಿಲ್ಲ. ನಿಮ್ಮ ಹಳೆಯದು ಇದೆಯಲ್ಲ?"

ಅಮ್ಮ ನನ್ನ ಕಡೆ ತಿರುಗಿದಳು. "ಅದಕ್ಕೆ ಇವತ್ತೇ ಕೊನೆ."

ಫೋನಿನಲ್ಲೇ ನವೀಕರಿಸಲು ಹೊರಟೆ. ಮೊದಲ ಬಾರಿ ಆಗಲಿಲ್ಲ. ಬಿಸಿಲೇರುತ್ತಿತ್ತು, ಮೀನಿನ ಮೇಲಿನ ಐಸ್ ಕರಗುತ್ತಿತ್ತು, ಚೇಚಿಗೆ ಇನ್ನೂ ಐದಾರು ಮನೆಗಳಿದ್ದವು. ಅವರು ಬುಟ್ಟಿ ಎತ್ತಲಿಲ್ಲ. ಎರಡನೆಯ ಬಾರಿಗೆ ನವೀಕರಣವಾಯಿತೆಂಬ ಸಂದೇಶ ಬಂತು, ಚೇಚಿಗೆ ತೋರಿಸಿದೆ. ಅದನ್ನೂ ಪೂರ್ತಿ ಓದಿಯೇ ಫೋನು ಹಿಂದಿರುಗಿಸಿದರು.

ಕೃತಜ್ಞತೆ ಹೇಳಹೋದರೆ, "ನಾನು ಓದಿದ್ದು ನನ್ನ ಗಂಡನಿಗೋಸ್ಕರ, ಮೋಳೇ" ಎಂದು ಮಗಳಂತೆ ಕರೆದು ಹೇಳಿದರು.

ಅಮ್ಮನ ಮಂಡಿಯ ಚಿಕಿತ್ಸೆ ಹಳೆಯ ಪಾಲಿಸಿಯಲ್ಲೇ ಆಯಿತು. ಚೇಚಿ ಹೇಳಿದ್ದು ನಿಜ, ಅವರು ಓದಿದ್ದು ಗಂಡನಿಗಾಗಿಯೇ. ಆದರೆ ಆ ಪಾಲಿಸಿಯಿಂದ ಗಂಡನಿಗೆ ಪ್ರಯೋಜನವಿಲ್ಲ ಎಂದು ಗೊತ್ತಾದ ಮೇಲೂ ಅವರು ಆ ಬಿಸಿಲಿನಲ್ಲಿ ನಿಂತಿದ್ದರು. ಅಷ್ಟು ಹೊತ್ತು ನಿಂತದ್ದು ನಮಗಾಗಿ.