ಮೊದಲ ಬನ್ನಿ

ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ನ್ಯಾಯದ ಮಾತಿನಂತೆ ಕೇಳಿಸೀತು.

ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮ ಓಣಿ. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ನೆಲೆ ನಿಂತವರು. ಆಫೀಸಿಗೆ ಹೋಗುವವನು ನಾನೊಬ್ಬನೇ. ರೇಷನ್ ಕಾರ್ಡಿನ ಅರ್ಜಿ, ಶಾಲೆಯ ಫಾರ್ಮು, ತೆಲುಗಿನಲ್ಲಿ ಬಂದ ನೋಟಿಸು, ಎಲ್ಲವೂ ನಮ್ಮ ಕಟ್ಟೆಗೇ ಬರಬೇಕು. ನಮ್ಮ ಅವ್ವ ಓಣಿಗೆಲ್ಲ ಹಿರಿಯಳು, ಎಲ್ಲರಿಗೂ ಆಯಿ. ದಸರೆಯ ಸಂಜೆ ಜನ ಬನ್ನಿ ಎಲೆ ಹಿಡಿದು ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಅವ್ವನ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿ, 'ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ' ಎಂದು, ಪಕ್ಕದಲ್ಲಿ ಕುಳಿತ ನನಗೂ ಕೊಡುತ್ತಿದ್ದರು. ಆ ಹೊತ್ತಿಗಾಗಿ ನಾನು ಇಸ್ತ್ರಿ ಅಂಗಿ ತೊಟ್ಟು ನಾಲ್ಕು ಗಂಟೆಗೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ.

ಆಮೇಲೆ ಅವನು ಬಂದ. ಯಾದಗಿರಿ ಕಡೆಯ ಸೆಂಟ್ರಿಂಗ್ ಮೇಸ್ತ್ರಿ, ಬಾಗಿಲಿಗೆ ಬಗ್ಗಿಯೇ ಬರಬೇಕಾದ ಆಳು, ಹೆಗಲ ಮೇಲೆ ಯಾವಾಗಲೂ ಕೆಂಪು ಟವೆಲ್. ಪಕ್ಕದ ಅಪಾರ್ಟ್‌ಮೆಂಟಿನವರು ನಮ್ಮ ದಾರಿಗೆ ಅಡ್ಡ ಗೇಟು ಹಾಕಿಸಿದಾಗ ನಾನು ಮೂರು ಅರ್ಜಿ ಬರೆದಿದ್ದೆ. ನಾಲ್ಕನೆಯದು ಬರೆಯುತ್ತಿದ್ದೆ. ಅವನು ಒಂದು ಮುಂಜಾನೆ ಆ ಗೇಟನ್ನೇ ಕಿತ್ತು, ಹೆಗಲ ಮೇಲೆ ಹೊತ್ತು, ಅವರ ವಾಚ್‌ಮನ್ ಮುಂದೆ ಗೋಡೆಗೆ ಒರಗಿಸಿ ಬಂದ. ಒಬ್ಬನೇ. ಅವತ್ತಿನಿಂದ ಓಣಿಯಲ್ಲಿ ಅವನ ಹೆಸರೇ 'ಹೀರೊ' ಆಯಿತು. ನಾನು ನಾಲ್ಕನೆಯ ಅರ್ಜಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

ಆ ಮಳೆಗಾಲ ನಾಲೆಯ ನೀರು ಮನೆಗಳಿಗೆ ನುಗ್ಗಿದಾಗ ಅವ್ವನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದವನೂ ಅವನೇ. ನಾನು ಹಿಂದಿನಿಂದ ಕೊಡೆ ಹಿಡಿದುಕೊಂಡು ನಡೆದೆ. ಅವ್ವನಿಗೆ ಹಿಡಿದ ಕೊಡೆ ಅದು, ಆದರೆ ನೋಡಿದವರಿಗೆಲ್ಲ ನಾನು ಅವನಿಗೆ ಕೊಡೆ ಹಿಡಿದ ಹಾಗೆಯೇ ಕಂಡಿತು. ಹತ್ತು ವರ್ಷದ ನನ್ನ ಮಗಳು ಅದರ ಚಿತ್ರ ಬರೆದಳು. ಕೆಂಪು ಟವೆಲ್ ಗಾಳಿಗೆ ಹಾರುತ್ತಿದೆ, ಅವನು ನೀರಿನ ಮೇಲೆ ತೇಲಿ ಹೋಗುತ್ತಿದ್ದಾನೆ, ಬೆನ್ನ ಮೇಲೆ ಅಜ್ಜಿ. ನಾನೆಲ್ಲಿ ಎಂದು ಕೇಳಿದೆ. ಹಾಳೆಯಲ್ಲಿ ಜಾಗ ಉಳಿಯಲಿಲ್ಲ ಎಂದಳು. ಅವತ್ತು ನನಗೆ ಊಟ ಸೇರಲಿಲ್ಲ.

ಹಾಗಂತ ಅವನೇನು ದೇವರಲ್ಲ. ಕುಡಿಯುತ್ತಿದ್ದ. ಹೊಡೆದಾಟಕ್ಕೆ ಎರಡು ಸಲ ಪೊಲೀಸರು ಒಯ್ದಿದ್ದರು. ಬೇಸಗೆಯಲ್ಲಿ ನೀರಿನ ಟ್ಯಾಂಕರ್ ಒಂದು ದಿನ ನಮಗೆ, ಒಂದು ದಿನ ಹಿಂದಿನ ಓಣಿಯ ತೆಲುಗು ಕೂಲಿಗಳಿಗೆ ಎಂದು ಬರುತ್ತಿತ್ತು. ಅವನು ದೊಡ್ಡ ರಸ್ತೆಯಲ್ಲೇ ನಿಂತು, ಡ್ರೈವರನ ಕೊರಳಪಟ್ಟಿ ಹಿಡಿದು, ಎರಡೂ ದಿನದ ಟ್ಯಾಂಕರನ್ನು ನಮ್ಮ ಕಡೆಗೇ ತಿರುಗಿಸುತ್ತಿದ್ದ. ಆಯಿಗೆ ಎಂದು ಮೊದಲ ಪೈಪು ನಮ್ಮ ಮನೆಯ ತೊಟ್ಟಿಗೇ ಬೀಳುತ್ತಿತ್ತು. ನಮ್ಮ ಹೆಣ್ಣುಮಕ್ಕಳು ಅವನ ತಾಯಿ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದರು. ನಾನೂ ಎರಡು ಹೊತ್ತು ಸ್ನಾನ ಮಾಡುತ್ತಿದ್ದೆ.

ಯುಗಾದಿಯ ಮಾರನೆಯ ದಿನ ನಮ್ಮ ಆಫೀಸಿನ ಅಟೆಂಡರ್ ರಜೆ ಕೇಳಲು ಬಂದ. ಹಿಂದಿನ ಓಣಿಯವನು. ನಾಲ್ಕು ದಿನದಿಂದ ಅವರಿಗೆ ನೀರಿರಲಿಲ್ಲ. ಅವನ ಮುದಿ ತಾಯಿ ದೂರದ ಬೋರಿನಿಂದ ಕೊಡ ಹೊತ್ತು ತರುವಾಗ ಬಿದ್ದು ಕೈ ಮುರಿದುಕೊಂಡಿದ್ದಳು. ನಾನು ಅಯ್ಯೋ ಎಂದೆ, ರಜೆಯ ಚೀಟಿ ಬರೆದುಕೊಟ್ಟೆ. ಆದರೆ ಒಳಗೆ ಏನಾಯಿತು ಎಂಬುದನ್ನೂ ಬರೆಯಬೇಕಲ್ಲ. ಒಳಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಕ್ಕ ಮಗ ಹೀರೊ, ಎಂದುಕೊಂಡೆ.

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಉಪ್ಪಿನಕಾಯಿಯಂತೆ ಮುಚ್ಚಿಟ್ಟೆ. ಹೇಳುವುದಕ್ಕೆ ತಕ್ಕ ಹೊತ್ತು ಬರಲಿ ಎಂದು ಕಾದೆ.

ಆ ಹೊತ್ತು ದಸರೆಗೆ ಬಂತು. ಈ ವರ್ಷದ ಮೊದಲ ಬನ್ನಿ ಹೀರೊನಿಗೆ ಕೊಡೋಣ ಎಂದು ಓಣಿಯವರು ಮಾತಾಡಿಕೊಂಡು ಅವ್ವನ ಒಪ್ಪಿಗೆ ಕೇಳಲು ಬಂದರು. ಅವ್ವ ನಕ್ಕು, ತನಗೆ ಕೈತುಂಬ ಬಂದಿದೆ, ಅವನಿಗೇ ಕೊಡಿ ಎಂದಳು. ನಾನೂ ನಕ್ಕೆ. ಆ ನಗು ಹೇಗಿತ್ತೋ, ಹೆಂಡತಿ ನನ್ನನ್ನು ಎರಡು ಸಲ ನೋಡಿದಳು.

ಸಂಜೆ ಎಲ್ಲರೂ ನಮ್ಮ ಕಟ್ಟೆಯ ಮುಂದೆ ಸೇರಿದರು. ಅವನು ತಲೆ ಬಾಚಿ, ಹೊಸ ಅಂಗಿ ತೊಟ್ಟು, ನಾಚಿಕೊಂಡು ನಿಂತಿದ್ದ. ಎಲೆ ಹಿಡಿದ ಕೈಗಳು ಅವನತ್ತ ಚಾಚುವ ಮೊದಲು ನಾನು ಎದ್ದು, ಒಂದು ಮಾತಿದೆ ಎಂದೆ. ಕನ್ನಡಿ ಮುಂದೆ ಎಷ್ಟೋ ಸಲ ಆಡಿ ನೋಡಿದ್ದ ಮಾತು. ನಾಲ್ಕು ದಿನದ ಬಾಯಾರಿಕೆ, ಮುದುಕಿ, ಕೊಡ, ಮುರಿದ ಕೈ, ಒಂದೊಂದಾಗಿ ಹೇಳಿದೆ. ಕೊನೆಗೆ, ಒಬ್ಬರ ಗಂಟಲು ಒಣಗಿಸಿ ಇನ್ನೊಬ್ಬರಿಗೆ ನೀರು ಕೊಡುವವನು ಎಂಥ ಹೀರೊ ಎಂದು ಕೇಳಿದೆ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಮಗಳ ಮುಖ ನೋಡುತ್ತಿದ್ದೆ.

ಅವನು ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ, 'ಟ್ಯಾಂಕರ್ ತಿರುಗಿಸಿದ್ದು ಖರೆ ಐತ್ರಿ ಸಾಹೇಬ್ರ. ಮುದುಕಿ ಕೈ ಮುರದದ್ದು ನನಗ ಗೊತ್ತಿರಲಿಲ್ರಿ,' ಎಂದ. ಮತ್ತೆ ಕೇಳಿದ, 'ನಿಮಗ ಯಾವಾಗ ಗೊತ್ತಾತ್ರಿ?'

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿಂದ ಯುಗಾದಿಗೆ ಎಂದೇ ಬಂತು.

'ಆವಾಗ ಒಂದ್ ಮಾತ ಹೇಳಿದ್ರ ಮರುದಿನಾನ ಬಿಡ್ತಿದ್ದೆನಲ್ರಿ, ಯಾಕ ಹೇಳಲಿಲ್ರಿ?' ಎಂದ. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ತಿಳಿಯದವನಂತೆ ಕೇಳಿದ. ಇಡೀ ಬೇಸಗೆ ಆ ಮುದುಕಿಯ ಪಾಲಿನ ನೀರು ಮೊದಲು ಯಾರ ತೊಟ್ಟಿಗೆ ಬಿದ್ದಿತ್ತು ಎಂಬುದನ್ನು ಅವನು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಅವನು ಬನ್ನಿಯ ದೊಡ್ಡ ಟೊಂಗೆಯನ್ನೇ ಎತ್ತಿಕೊಂಡು ಹಿಂದಿನ ಓಣಿಯ ಕಡೆ ಹೊರಟ. ಮೊದಲ ಬನ್ನಿ ಆ ಮುದುಕಿಗೆ, ಅವಳು ಉಗುಳಿದರೂ ಸರಿ ಎಂದ. ಒಬ್ಬರ ಹಿಂದೆ ಒಬ್ಬರು ಎಲ್ಲರೂ ನಡೆದರು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹೋದಳು. ಮಗಳು ಓಡಿದಳು. ನಾನು ಅವನನ್ನು ಇಳಿಸಲು ಎಳೆದ ಹಗ್ಗ ಹಿಡಿದೇ ಅವನು ಮೇಲೆ ಹತ್ತಿದ. ನನಗೆ ಅವನ ತಪ್ಪಿನ ಮೇಲೂ ಹೊಟ್ಟೆಕಿಚ್ಚಾಯಿತು. ಅಂಥದೊಂದು ತಪ್ಪು ಮಾಡಿ, ಅಷ್ಟು ಸಲೀಸಾಗಿ ಒಪ್ಪಿಕೊಂಡು ನಡೆಯುವುದು ನನ್ನಿಂದ ಆಗುವಂಥದ್ದಲ್ಲ.

ಕಟ್ಟೆಯ ಮೇಲೆ ಅವ್ವ ಮತ್ತು ನಾನು ಉಳಿದೆವು. ಅವ್ವ ಕೈ ಚಾಚಿದಳು.

'ಇಷ್ಟ ವರ್ಷ ನನ್ನ ಬಾಜೂಕ ಕುಂತು ಬರೇ ಇಸಗೊಂಡಿ. ನನಗ ಒಮ್ಮೆನೂ ಕೊಟ್ಟಿಲ್ಲ. ಇವತ್ತರೆ ಕೊಡು.'

ಹೌದು, ಕೊಟ್ಟಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಎರಡು ಎಲೆ ಆರಿಸಿ ಅವಳ ಕೈಗಿಟ್ಟು ಬಗ್ಗಿದೆ. ಅವಳು ತಲೆಯ ಮೇಲೆ ಕೈ ಇಟ್ಟಳು. ಹಿಂದಿನ ಓಣಿಯಿಂದ ತೆಲುಗಿನಲ್ಲಿ ಏನೋ ಜೋರು ಮಾತು, ಆಮೇಲೆ ನಗು ಕೇಳಿಸಿತು. ಅವ್ವನ ಕಾಲು ಹಿಡಿದುಕೊಂಡೇ ನಾನು, ಅಲ್ಲಿ ನನ್ನ ಮಗಳು ತನ್ನ ಬನ್ನಿಯನ್ನು ಯಾರ ಕೈಗೆ ಕೊಟ್ಟಿರಬಹುದು ಎಂದು ಕಿವಿಗೊಟ್ಟು ಕೇಳುತ್ತಿದ್ದೆ.