ಸೆರಗಿಗೆ ಕಟ್ಟಿದ ಬನ್ನಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದರೆ, "ಯಾರದೋ ಒಣಗ ಹಾಕಿದ ಧೋತರ ಇರ್ಬೇಕು, ಕಣ್ಣ ತೋರಿಸ್ಕೋ ಹೋಗು" ಎನ್ನುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಸಂಗತಿ ಗಂಟಲಲ್ಲಿ ಕೂತಿದೆ, ನುಂಗಲೂ ಆಗದು, ಉಗುಳಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ಓದಿದವರು ನೀವೇ ಏನಾದರೂ ತಿಳಿದುಕೊಳ್ಳಿ.

ನೀಲಮ್ಮ ನನ್ನ ಗೆಳತಿ. ಅಂಗನವಾಡಿ ಟೀಚರ್ ಆಗಿದ್ದವಳು. ಹೆಬ್ಬೆಟ್ಟು ಒತ್ತುತ್ತಿದ್ದ ನನಗೆ ನಾಲ್ಕು ಅಕ್ಷರ ಕಲಿಸಿದವಳೂ ಅವಳೇ. ನೌಕರಿ ಮುಗಿದ ಮೇಲೆ ಸ್ಕೂಟಿ ಕೊಂಡಳು, ಬಿದ್ದು ಎದ್ದು ಓಡಿಸಲು ಕಲಿತಳು. ಕೆಲವು ವರ್ಷಗಳ ಹಿಂದೆ, ದಸರೆ ಮುಗಿದು ಸೀಗಿ ಹುಣ್ಣಿಮೆ ಬರುವುದರೊಳಗೆ, ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಹಾರನ್ ಹೊಡೆದಳು.

"ಬಾ ಬೇ, ಜೇವರ್ಗಿಗಿ ಹೋಗಿ ಸೂಸಲಾ ಮಿರ್ಚಿ ತಿಂದ್ ಬರೋಣು."

ಕಟ್ಟೆಯ ಮೇಲೆ ಕೂತ ಗಂಡಸರು ಸುಮ್ಮನಿರಬೇಕಲ್ಲ. "ಮುದುಕೇರ ಸವಾರಿ ಯಾಕಡಿ ಹೊಂಟದ್ರಿ?" ಎಂದರು. "ವರಾ ನೋಡಾಕ ಹೊಂಟೇವಿ. ನಿಮ್ಮಾಗ ಒಬ್ಬರೂ ಚಂದ ಇಲ್ಲ" ಎಂದು ನೀಲಮ್ಮ ಗಾಡಿ ಎಬ್ಬಿಸಿದಳು.

ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ, ನಾಲ್ಕು ಬನ್ನಿ ಎಲೆ ನನ್ನ ಕೈಗೆ ಕೊಟ್ಟಳು. "ಇವು ಶಂಕ್ರೆಮ್ಮಗ. ನನ್ನ ಕೈಯಾಗಿದ್ರ ಗಾಳಿಗಿ ಹಾರ್ತಾವ, ನಿನ್ನ ಸೆರಗಿಗಿ ಕಟ್ಕೋ" ಎಂದಳು. ಶಂಕ್ರೆಮ್ಮ ಅವಳ ತಂಗಿ, ಇಜೇರಿಗೆ ಕೊಟ್ಟವಳು. ತಾಯಿ ತೀರಿದಾಗ ತಂಗಿ ಬರುವುದು ತಡವಾಯಿತು. ನೀಲಮ್ಮ ಕಾಯದೆ ಮಣ್ಣು ಮಾಡಿಸಿಬಿಟ್ಟಳು. ತಾಯಿಯ ಮುಖ ಕಾಣದ ಶಂಕ್ರೆಮ್ಮ ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟಳು. ಈಗ ಅವಳಿಗೆ ಮೈಯಲ್ಲಿ ಆರಾಮಿಲ್ಲ, ಹಾಸಿಗೆ ಹಿಡಿದಿದ್ದಾಳೆ ಎಂದು ಯಾರೋ ಹೇಳಿದ್ದರು. ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಎಂದರೆ ಎಂಥ ಜಗಳವಿದ್ದರೂ ಮಾತಾಡಬೇಕು, ಅದು ನಮ್ಮ ಕಡೆಯ ರೀತಿ. ಹುಣ್ಣಿಮೆ ದಾಟಿದರೆ ಮತ್ತೆ ವರ್ಷ ಕಾಯಬೇಕು. ನಾನು ಎಲೆಗಳನ್ನು ಸೆರಗಿನ ತುದಿಗೆ ಇಟ್ಟು ಎರಡು ಸುತ್ತು ಬಿಗಿದು ಗಂಟು ಹಾಕಿದೆ.

ಬೆಳಿಗ್ಗೆ ಬಹಳ ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ? ತೊಗರಿ ಹೂ ಬಿಟ್ಟು ಎರಡೂ ಕಡೆ ಹಳದಿ. ಬಿಸಿಲು ಇನ್ನೂ ಚುಚ್ಚುತ್ತಿರಲಿಲ್ಲ. ನೀಲಮ್ಮ ಎತ್ತಿನ ಗಾಡಿಯ ಹಾಗೆ ನಿಧಾನ ಓಡಿಸುತ್ತಿದ್ದಳು. ಇಜೇರಿಗೆ ತಿರುಗುವಲ್ಲಿ ಗಾಡಿ ನಿಂತಿತು. ಅವಳು ಆ ದಾರಿಯನ್ನೇ ನೋಡುತ್ತ ಕೂತಳು.

"ಹೋಗೋಣೇನ್ ಬೇ?"

"ನಿನ್ನ ತಂಗಿ. ನನಗೇನ್ ಕೇಳ್ತಿ? ಹೋಗಾದಿದ್ರ ಹೋಗು, ಇಲ್ಲಾಂದ್ರ ಮುಂದ ನಡಿ. ನಡು ದಾರ್ಯಾಗ ನಿಂತು ಪೆಟ್ರೋಲ್ ಸುಡಬ್ಯಾಡ."

"ಬರುವಾಗ ಹೋಗೋಣು" ಎಂದು ಅವಳು ಮುಂದೆ ನಡೆದಳು. ಅವಳಿಗೆ ಧೈರ್ಯ ಬೇಕಿತ್ತು, ಅದಕ್ಕೇ ಕೇಳಿದ್ದಳು. ಅದು ನನಗೆ ತಿಳಿಯದೆ ಇರಲಿಲ್ಲ. "ತಿರುಗಿಸು" ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅಲ್ಲಿ ಹೋದರೆ ಅಳು, ರಂಪ, ಹಳೆಯ ಪುರಾಣ. ನನಗೆ ಬಿಸಿ ಮಿರ್ಚಿ ಬೇಕಾಗಿತ್ತು.

ಜೇವರ್ಗಿಯಲ್ಲಿ ಹೊಟ್ಟೆ ತುಂಬ ತಿಂದೆವು. ನೀಲಮ್ಮ ಗಾಡಿಯ ಬ್ರೇಕ್ ತೋರಿಸಲು ಹೋದಳು. ನಾನು ಚಹದ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ. ಬೆನ್ನಿಗೆ ಬಿಸಿಲು ಹಿತವಾಗಿತ್ತು, ಕಣ್ಣು ಹತ್ತಿತು. ನೀಲಮ್ಮ ಬಂದು ಭುಜ ಅಲುಗಿಸಿದಾಗಲೇ ಎಚ್ಚರ. ಅಂಗಡಿಯವನು ನಗುತ್ತಿದ್ದ. "ಆಯಿ, ನಿನ್ನ ಗೊರಕಿ ಮುಂದ ಬಸ್ಸಿನ ಹಾರನ್ ಕೇಳವಲ್ದು" ಎಂದ.

ಎದ್ದು ನಿಂತರೆ ನನ್ನ ಪಾದಗಳು ಒದ್ದೆಯಾಗಿದ್ದವು. ಚಪ್ಪಲಿ ಒಳಗೂ ನೀರು. "ನೀರ್ ಯಾಂವ ಚೆಲ್ಯಾನೋ ನನ್ನ ಕಾಲಿಗಿ?" ಎಂದು ಬೈದೆ. ಅವನು ನೆಲ ತೋರಿಸಿದ. ಬೆಂಚಿನ ಸುತ್ತ ಒಣ ಧೂಳು. ನನಗೇನೂ ಅನಿಸಲಿಲ್ಲ. ಸೆರಗಿನಿಂದ ಕಾಲು ಒರೆಸಿಕೊಂಡು ಗಾಡಿ ಹತ್ತಿದೆ.

ಬರುವಾಗ ನೀಲಮ್ಮ ನನ್ನನ್ನು ಕೇಳಲಿಲ್ಲ, ಇಜೇರಿಗೆ ತಿರುಗಿಸಿಬಿಟ್ಟಳು. ಶಂಕ್ರೆಮ್ಮನ ಮನೆ ಮುಂದೆ ಜನ ನಿಂತಿದ್ದರು. ಒಳಗೆ ಅಳುವ ದನಿ. ಗಾಡಿ ನಿಲ್ಲುವ ಮೊದಲೇ ಅರ್ಥವಾಯಿತು.

ಶಂಕ್ರೆಮ್ಮನ ಸೊಸೆ ಹೊರಗೆ ಬಂದಳು. ನಾನು ಆ ಹುಡುಗಿಯನ್ನು ಕಂಡವಳಲ್ಲ, ಆ ಮನೆಯ ಹೊಸ್ತಿಲು ತುಳಿದವಳೂ ಅಲ್ಲ. ಅವಳು ನೇರ ನನ್ನ ಕೈ ಹಿಡಿದಳು.

"ಆಯಿ, ನೀ ಹೋದ ಮ್ಯಾಲ ಭಾಳೊತ್ತು ಇರಲಿಲ್ಲ ನೋಡು. ನೀ ಕೊಟ್ಟ ಬನ್ನಿ ಕಣ್ಣಿಗಿ ಒತ್ಕೊಂಡು ಹಂಗೇ ಹೋದಳು."

"ಯಾರ್ ಕೊಟ್ಟಾರ? ನಾ ಈಗ ಬರಾಕತ್ತೇನಿ" ಎಂದೆ.

"ಹಂಗ್ಯಾಕಂತಿ? ನಾನೇ ನಿನ್ನ ಕಾಲಿಗಿ ನೀರ್ ಕೊಟ್ಟೇನಿ. ಇದೇ ಸೀರಿ, ಇದೇ ಹರದ ಚಪ್ಪಲ್. 'ಅಕ್ಕ ಹಿಂದ ಬರಾಕತ್ತಾಳ, ಆಕಿ ಬರೂತನಕ ಮಣ್ಣಿಗಿ ಎತ್ತಬ್ಯಾಡ್ರಿ' ಅಂದಿ. ಎತ್ತಾಕ ಏನಾಗ್ಯಾದ, ಅತ್ತಿ ಇನ್ನಾ ಮಾತಾಡಾಕತ್ತಾಳಲ್ಲ ಅಂತ ನನಗ ಸಿಟ್ಟೂ ಬಂತು."

ನಾನು ಸೆರಗು ಹಿಡಿದು ನೋಡಿದೆ. ಗಂಟು ನಾನು ಬಿಗಿದ ಹಾಗೇ ಇತ್ತು. ಉಗುರು ಹಾಕಿ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ.

ನೀಲಮ್ಮ ಒಳಗೆ ಹೋಗಿ ತಂಗಿಯ ಮುಖ ಹಿಡಿದುಕೊಂಡು ಕೂತಳು. ಶಂಕ್ರೆಮ್ಮನ ಮುಷ್ಟಿಯಲ್ಲಿ ಎಲೆಯ ತುದಿ ಕಾಣುತ್ತಿತ್ತು. ಬನ್ನಿ ಎಲೆ ಎಲ್ಲವೂ ಒಂದೇ ತರ ಇರುತ್ತವೆ, ಬೇರೆ ಯಾರಾದರೂ ಕೊಟ್ಟಿರಬಹುದು. ಅದು ನನಗೂ ಗೊತ್ತು. ಅಳುವ ಮನೆಯಲ್ಲಿ ಹುಡುಗಿ ಯಾವಳನ್ನೋ ಕಂಡು ನಾನು ಎಂದುಕೊಂಡಿರಬಹುದು. ಅದೂ ಸರಿ. ಹಾಗಾದರೆ ನನ್ನ ಕಾಲು ಯಾಕೆ ಒದ್ದೆಯಾಗಿತ್ತು?

ಬ್ರೇಕ್ ರಿಪೇರಿ ಆಗುವಷ್ಟರಲ್ಲಿ ನಾನು ಕದ್ದು ಟಂಟಂ ಗಾಡಿ ಹತ್ತಿ ಹೋಗಿ ಬಂದೆ ಎಂದೇ ನೀಲಮ್ಮ ನಂಬಿದ್ದಾಳೆ. "ನಾ ಹೆದರೇನಿ ಅಂತ ನೀ ನನಗ ಹೇಳದಂಗ ಹೋಗಿ ಬಂದಿ" ಎಂದು ಅಂದು ನನ್ನ ಎದೆಗೆ ತಲೆ ಇಟ್ಟು ಅತ್ತಳು. ಹೋಗಿಲ್ಲ ಎಂದೆ. ಚಹದವನನ್ನು ಕೇಳು ಎಂದೆ. ಎಷ್ಟೋ ಸಲ ಹೇಳಿದ್ದೇನೆ. "ಮಾಡಿದ್ದು ಹೇಳ್ಕೊಳ್ಳಾಕಿ ಅಲ್ಲ ನೀ" ಎನ್ನುತ್ತಾಳೆ. ತಿರುಗಿಸು ಎಂದು ನಾನು ಹೇಳಿದ್ದರೆ ತಂಗಿಯ ಬಾಯಿಂದ ಅಕ್ಕ ಎನಿಸಿಕೊಳ್ಳುತ್ತಿದ್ದಳು. ಅದನ್ನೂ ಹೇಳಿದ್ದೇನೆ. ಕೇಳಿಸಿಕೊಳ್ಳುವುದಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಪ್ರತಿ ದಸರೆಗೆ ಮೊದಲ ಬನ್ನಿ ನನಗೇ ತರುತ್ತಾಳೆ. ನನಗಿಂತ ದೊಡ್ಡವಳು, ಆದರೂ ಬಗ್ಗಿ ನನ್ನ ಕಾಲು ಮುಟ್ಟುತ್ತಾಳೆ. ಕಾಲು ಹಿಂದೆ ಎಳೆದುಕೊಂಡರೂ ಬಿಡುವುದಿಲ್ಲ. ಆ ಎಲೆಗಳನ್ನು ನಾನು ಸೆರಗಿಗೆ ಹಾಗೇ ಎರಡು ಸುತ್ತು ಬಿಗಿದು ಕಟ್ಟಿಕೊಳ್ಳುತ್ತೇನೆ. ಅವಳು ಹೋದ ಮೇಲೆ ಬಾಗಿಲು ಹಾಕಿ ಗಂಟು ಬಿಚ್ಚಿ ನೋಡುತ್ತೇನೆ.

ಎಲೆಗಳು ಅಲ್ಲೇ ಇರುತ್ತವೆ.